ಗುಳೆ ಹೋದವರಲ್ಲಿ ಎಚ್‌ಐವಿ ತಡವಾಗಿ ಗೊತ್ತಾಗೋದು ಯಾಕೆ?

ಯಾದಗಿರಿ: ಜಿಲ್ಲೆಯಿಂದ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋದವರು ಅಲ್ಲಿ ಜ್ವರ ಬಂದರೆ ಮೆಡಿಕಲ್ ಶಾಪ್ ಮಾತ್ರೆಯಲ್ಲೇ ಮುಗಿಸ್ತಾರೆ. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯ್ತು. ಊರಿಗೆ ಬಂದಾಗ ಪರೀಕ್ಷೆಗೆ ಹೋದರೆ ಯಾರಾದ್ರೂ ನೋಡಿಯಾರು ಅನ್ನೋ ಭಯ.

ಎಚ್‌ಐವಿ ಸೋಂಕು ತಗುಲಿದರೂ ಹಲವು ವರ್ಷ ಲಕ್ಷಣ ಕಾಣದೇ ಇರಬಹುದು. ಆದರೆ ಒಳಗೆ ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳು ಇಳಿಯುತ್ತಾ ಹೋಗ್ತವೆ. ಇವು 200ಕ್ಕಿಂತ ಕೆಳಗಿಳಿದರೆ ಟಿಬಿಯಂಥ ಕಾಯಿಲೆ ಪ್ರಾಣಕ್ಕೇ ಕುತ್ತು ತರಬಹುದು. ಕೆಲವರಿಗೆ ಟಿಬಿ ಬಂದ ಮೇಲೆಯೇ ಎಚ್‌ಐವಿ ಇರೋದು ಗೊತ್ತಾಗುತ್ತೆ. ಅಷ್ಟರಲ್ಲಿ ಸೋಂಕು ಮನೆಯವರಿಗೂ ತಗುಲಿರಬಹುದು.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ಗೌಪ್ಯ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದವರಿಗೆ ಎಆರ್‌ಟಿ ಚಿಕಿತ್ಸೆ ಶುರು ಮಾಡುವ ನಿಯಮವಿದೆ. ಮಾತ್ರೆಯೂ ಉಚಿತ. ಮತ್ತೆ ಗುಳೆ ಹೋಗೋರು ಮಾತ್ರೆ ಬಿಡಬೇಕಿಲ್ಲ, ಹೋದ ಊರಿನ ಎಆರ್‌ಟಿ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು.

ಅಂಗಡಿ, ಹೋಟೆಲ್ ಮಾಲೀಕರೂ ಗಮನಿಸಿ: ಜೊತೆಯಲ್ಲಿ ಕೆಲಸ ಮಾಡಿದರೆ, ಊಟ ಮಾಡಿದರೆ ಎಚ್‌ಐವಿ ಹರಡಲ್ಲ. ಸೋಂಕಿದೆ ಅನ್ನೋ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧ.

ಮಾಹಿತಿಗೆ ಉಚಿತ ಸಹಾಯವಾಣಿ: 1097.