ರೆಕಾರ್ಡ್ ರೂಮಿಗೆ ಪ್ರವೇಶವಿಲ್ಲ

ಬೀದರ್‌ನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜಿರಲಿ, ಭಾಲ್ಕಿಯ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಇರಲಿ, ಕಂಪ್ಯೂಟರ್ ಸೈನ್ಸ್ ಓದುವವರು ಆಪರೇಟಿಂಗ್ ಸಿಸ್ಟಂ ಪರೀಕ್ಷೆಗೆ ಒಂದು ಚಿತ್ರ ಕಲಿತೇ ಇರುತ್ತಾರೆ. ಕೆಳಗೆ ಹಾರ್ಡ್‌ವೇರ್, ಮೇಲೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್, ಅದರ ಮೇಲೆ ಯೂಸರ್ ಪ್ರೋಗ್ರಾಂ, ನಡುವೆ ಒಂದು ಗೆರೆ. ಗೆರೆ ಎಳೆದರೆ ಅಂಕ ಬಂತು. ಆ ಗೆರೆಯನ್ನು ಯಾವುದು ದಾಟಬಹುದು, ಯಾವುದು ದಾಟಬಾರದು ಎಂದು ಇತ್ಯರ್ಥವಾಗಲು ಮಾತ್ರ ದಶಕಗಳೇ ಹಿಡಿದವು.

ಔರಾದ್‌ನ ರೈತ ಪಹಣಿ ಬೇಕೆಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನುಗ್ಗಿ ವಹಿ ತಿರುವುವುದಿಲ್ಲ. ಕೌಂಟರಿನಲ್ಲಿ ಸರ್ವೆ ನಂಬರ್ ಹೇಳುತ್ತಾನೆ. ಗೊತ್ತಾದ ನಮೂನೆಯಲ್ಲಿ ಪ್ರತಿ ಬರುತ್ತದೆ. ಒಳಗೆ ದಾಖಲೆ ಇಡುವ ರೀತಿ ಬದಲಾದರೂ ಅವನ ಪಾಲಿಗೆ ಕೇಳುವ ಕ್ರಮ ಅದೇ, ಪಹಣಿಯೂ ಪಹಣಿಯೇ. ಕರ್ನೆಲ್ ಕಲಿಯಬೇಕಿದ್ದ ಪಾಠ ಇಷ್ಟೇ.

ಕರ್ನೆಲ್ಲಿಗೂ ಪ್ರೋಗ್ರಾಂಗಳಿಗೂ ನಡುವಿನ ಗೋಡೆ ಬೇಗನೇ ಎದ್ದಿತ್ತು. 1964ರಲ್ಲಿ ಘೋಷಣೆಯಾದ ಐಬಿಎಂ ಸಿಸ್ಟಂ/360ರಲ್ಲಿಯೇ ಮೇಲ್ವಿಚಾರಕ ಪ್ರೋಗ್ರಾಂಗೆ ಒಂದು ಸ್ಥಿತಿ, ಉಳಿದವಕ್ಕೆ ಇನ್ನೊಂದು.

ಗೋಡೆಯಿದ್ದೂ ಕಿಂಡಿ ಬಿಟ್ಟಿದ್ದು ಯುನಿಕ್ಸ್. 1975ರ ಆರನೇ ಆವೃತ್ತಿಯ ‘ಪಿಎಸ್’ ಕಮಾಂಡ್ ನೋಡಿ. ಯಾವ ಯಾವ ಪ್ರೋಗ್ರಾಂ ಓಡುತ್ತಿದೆ ಎಂದು ಪಟ್ಟಿ ಕೊಡುವುದು ಅದರ ಕೆಲಸ. ಅದು ಕರ್ನೆಲ್ಲನ್ನು ಕೇಳುತ್ತಿರಲಿಲ್ಲ. ಕರ್ನೆಲ್ ಫೈಲಿನಿಂದ ಪ್ರೊಸೆಸ್ ಕೋಷ್ಟಕದ ವಿಳಾಸ ಹುಡುಕಿ, ಮೆಮೊರಿಯನ್ನೇ ಫೈಲಿನಂತೆ ತೆರೆದು, ನೇರವಾಗಿ ಅಲ್ಲಿಂದ ಓದಿಕೊಳ್ಳುತ್ತಿತ್ತು. ಕೋಷ್ಟಕದ ವಿನ್ಯಾಸ ತಿಳಿಯಲು ಕರ್ನೆಲ್ಲಿನ ಹೆಡರ್ ಫೈಲನ್ನೇ ತನ್ನೊಳಗೆ ಸೇರಿಸಿಕೊಂಡಿತ್ತು. ಕರ್ನೆಲ್ಲಿನಲ್ಲಿ ಒಂದು ಅಂಕಣ ಆಚೀಚೆಯಾದರೂ ಪಿಎಸ್ ಅನ್ನು ಮತ್ತೆ ಕಂಪೈಲ್ ಮಾಡಬೇಕು. ಮರೆತರೆ ಕಸವೇ ಪಟ್ಟಿಯಾಗಿ ಬರುತ್ತಿತ್ತು. ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ 1984ರಲ್ಲಿ ಪ್ರಕಟಿಸಿದ ‘ಪ್ರೋಕ್’ ಎಂಬ ವ್ಯವಸ್ಥೆ ಇದಕ್ಕೆ ಬೇರೆ ದಾರಿ ತೋರಿಸಿತು: ಪ್ರತಿ ಪ್ರೊಸೆಸ್ಸೂ ಒಂದು ಫೈಲಿನ ಹಾಗೆ ಕಾಣುತ್ತದೆ. ಲಿನಕ್ಸ್‌ನಲ್ಲಿ ಈಗ ಪಿಎಸ್ ಓದುವುದು ಅದೇ ಹೆಸರಿನ ಡೈರೆಕ್ಟರಿಯಿಂದ.

ಲಿನಕ್ಸ್‌ಗೂ ಬುದ್ಧಿ ಬಂದದ್ದು ತಡವಾಗಿಯೇ. ಒಳಗಿನ ರಚನೆ, ಹೊರಗಿನ ನಮೂನೆ ಎರಡೂ ಒಂದೇ ಹೆಡರ್ ಫೈಲಿನಲ್ಲಿದ್ದವು. ‘ಇದು ಕರ್ನೆಲ್ಲಿಗೆ ಮಾತ್ರ’ ಎಂಬ ಗುರುತೊಂದೇ ಬೇಲಿ. 2006ರ 2.6.18 ಆವೃತ್ತಿಯಲ್ಲಿ ಆ ಭಾಗಗಳನ್ನು ಸೋಸಿ ಹೊರಗಿನವರಿಗೆ ಬೇಕಾದಷ್ಟನ್ನೇ ಕೊಡುವ ಏರ್ಪಾಡಾಯಿತು. 2012ರ ಡಿಸೆಂಬರಿನ 3.7ರಲ್ಲಿ ಡೇವಿಡ್ ಹೋವೆಲ್ಸ್ ಹೊರಗಿನ ಪಾಲನ್ನು ‘ಯುಎಪಿಐ’ ಎಂಬ ಪ್ರತ್ಯೇಕ ಡೈರೆಕ್ಟರಿಗೆ ಸಾಗಿಸಿದರು. ಹೊಸ ಸೌಲಭ್ಯ ಒಂದೂ ಇಲ್ಲದ ಈ ಮನೆ ಗುಡಿಸುವ ಕೆಲಸಕ್ಕೆ ಚಪ್ಪಾಳೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಗೆರೆ ನಿಜವಾಗಿ ಬಿದ್ದದ್ದು ಆಗಲೇ.

ಇದರ ಲಾಭ ಕಾಣುವುದು ಫೈಲಿನ ವಿವರ ಕೇಳಿದಾಗ. ಕರ್ನೆಲ್ ತನ್ನೊಳಗೆ ಪ್ರತಿ ಫೈಲಿಗೂ ‘ಐನೋಡ್’ ಇಟ್ಟುಕೊಂಡಿರುತ್ತದೆ: ಬೀಗಗಳು, ಪಾಯಿಂಟರುಗಳು, ಎಣಿಕೆಗಳು. ಪ್ರೋಗ್ರಾಂಗೆ ಸಿಗುವುದು ‘ಸ್ಟ್ಯಾಟ್’ ಎಂಬ ಪುಟ್ಟ ನಮೂನೆ: ಗಾತ್ರ, ಮಾಲೀಕ, ಅನುಮತಿ, ಸಮಯ. 32 ಬಿಟ್ ಯಂತ್ರಗಳಲ್ಲಿ ಆ ಸಮಯದ ಲೆಕ್ಕ 2038ರ ಜನವರಿ 19ಕ್ಕೆ ಮುಗಿಯುತ್ತದೆ. ಕರ್ನೆಲ್ ಒಳಗೆ ಆಗಲೇ 64 ಬಿಟ್‌ಗೆ ಸರಿದಿದೆ, 2020ರ 5.6 ಆವೃತ್ತಿಯ ಹೊತ್ತಿಗೆ ಪ್ರೋಗ್ರಾಂಗಳು ಕರ್ನೆಲ್ಲನ್ನು ಕೇಳಲು ಬಳಸುವ ಹೊಸ ಕರೆಗಳೂ ಸಿದ್ಧವಾದವು. ಹಳೆಯ ಕರೆಗಳನ್ನು ತೆಗೆದಿಲ್ಲ. ಹಳೆಯ ಪ್ರೋಗ್ರಾಂ ಬಂದರೆ ಕರ್ನೆಲ್ ಹಳೆಯ ನಮೂನೆಯಲ್ಲೇ, 32 ಬಿಟ್‌ಗೆ ಕತ್ತರಿಸಿದ ಸಮಯವನ್ನೇ ಇಂದಿಗೂ ತುಂಬಿ ಕೊಡುತ್ತದೆ.