ಹೊಸ ಮಜ್ಜೆ, ಹಳೆಯ ವೈರಸ್

ಯಳವತ್ತಿಯಂಥ ಊರಿನಿಂದ ಅಸ್ಥಿಮಜ್ಜೆ ಕಸಿಗೆ ಹೊರಟವರು ಲಕ್ಷ್ಮೇಶ್ವರ ದಾಟಿ, ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಬೆಂಗಳೂರಿಗೋ ವೆಲ್ಲೂರಿಗೋ ಹೋಗುವುದುಂಟು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಈ ಕಸಿ ಶುರುವಾದದ್ದು 1986ರಲ್ಲಿ. ದೇಶದ ಮೊದಲನೆಯದು 1983ರಲ್ಲಿ, ಮುಂಬೈನ ಟಾಟಾ ಆಸ್ಪತ್ರೆಯಲ್ಲಿ. ಕಸಿ ಆಯ್ತು, ಕೌಂಟ್ ಏರಿತು ಎಂದರೆ ಮನೆಯವರಿಗೆ ಗೆದ್ದ ಹಾಗೆ. ವೈದ್ಯರು ಮಾತ್ರ ಅಷ್ಟು ಬೇಗ ನಿರಾಳರಾಗುವುದಿಲ್ಲ.

ಏರಿದ ಕೌಂಟ್ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳದ್ದು. ದಾನಿಯ ಆಕರಕೋಶಗಳು ಮಜ್ಜೆಯಲ್ಲಿ ನೆಲೆಯೂರಿದಾಗ, ಅಂದರೆ ಎರಡರಿಂದ ನಾಲ್ಕು ವಾರಗಳಲ್ಲಿ, ಈ ಕಣಗಳು ಬರುತ್ತವೆ, ಬ್ಯಾಕ್ಟೀರಿಯಾಗಳನ್ನು ನೋಡಿಕೊಳ್ಳುತ್ತವೆ. ವೈರಸ್‌ಗಳನ್ನು ಹಿಡಿಯುವ ಟಿ-ಕೋಶಗಳು ಪಳಗಲು ಒಂದೆರಡು ವರ್ಷವೇ ಬೇಕು. ಕಸಿಗೆ ಮುಂಚಿನ ಕೀಮೋ, ಬಾಲ್ಯದಿಂದ ರೋಗ ಕಂಡು ಕಲಿತಿದ್ದ ಹಳೆಯ ಕೋಶಗಳನ್ನೂ ಅಳಿಸಿರುತ್ತದೆ.

ಆಗ ಏಳುವುದು ಹೆಚ್ಚಾಗಿ ಮೈಯೊಳಗೇ ಮಲಗಿದ್ದ ವೈರಸ್. ಎಂದೋ ಬಂದುಹೋದ ಸೀತಾಳೆ ಸಿಡುಬು ನರಗಳಲ್ಲಿ ಅಡಗಿದ್ದು ಸರ್ಪಸುತ್ತಾಗಿ ಮರಳುತ್ತದೆ. ಇದನ್ನು ತಡೆಯಲೆಂದೇ ಅಸೈಕ್ಲೋವಿರ್ ಮಾತ್ರೆ, ಸಾಮಾನ್ಯವಾಗಿ ವರ್ಷವಿಡೀ. ಬಿಕೆ ವೈರಸ್ ಮೂತ್ರದಲ್ಲಿ ರಕ್ತ ತರಿಸುತ್ತದೆ. ಆದರೆ ವೈದ್ಯರ ನಿದ್ದೆಗೆಡಿಸುವುದು ಸೈಟೊಮೆಗಲೊ, ಆಸ್ಪತ್ರೆಯ ಮಾತಿನಲ್ಲಿ ಸಿಎಂವಿ. ಭಾರತದ ಬಹುಪಾಲು ವಯಸ್ಕರ ದೇಹದಲ್ಲಿ ಅದು ಸುಮ್ಮನೆ ಇದೆ. ಕಸಿಯಾದವರಲ್ಲಿ ಅದು ಶ್ವಾಸಕೋಶಕ್ಕೂ ಕರುಳಿಗೂ ಇಳಿಯಬಲ್ಲದು. ಹಾಗಾಗಿ ಮೊದಲ ನೂರು ದಿನ ವಾರವಾರ ರಕ್ತದ ಪಿಸಿಆರ್ ಪರೀಕ್ಷೆ ನೋಡಿ, ವೈರಸ್ ಏರುತ್ತಿದ್ದರೆ ಲಕ್ಷಣ ಕಾಣುವ ಮೊದಲೇ ಗ್ಯಾನ್ಸಿಕ್ಲೋವಿರ್ ಕೊಡುತ್ತಾರೆ. ಪೇಚು ಇಲ್ಲಿದೆ: ಆ ಔಷಧ ಹೊಸದಾಗಿ ಚಿಗುರಿದ ಮಜ್ಜೆಯನ್ನೂ ಹಿಂಡುತ್ತದೆ, ಕೌಂಟ್ ಮತ್ತೆ ಇಳಿಯುತ್ತದೆ. 2017ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಲೆಟರ್ಮೊವಿರ್ ಎಂಬ ಇನ್ನೊಂದು ಸಿಎಂವಿ ಔಷಧಕ್ಕೆ ಈ ದೋಷವಿಲ್ಲ. ಬೆಲೆ ಮಾತ್ರ ಒಕ್ಕಲುತನದ ಮನೆಗೆ ನಿಲುಕುವಂಥದ್ದಲ್ಲ. ದಾನಿಯ ಕೋಶ ರೋಗಿಯ ದೇಹದ ಮೇಲೆಯೇ ತಿರುಗಿಬಿದ್ದರೆ ಅದನ್ನು ಅದುಮುವ ಸ್ಟಿರಾಯ್ಡ್ ಬೇಕಾಗುತ್ತದೆ, ವೈರಸ್‌ಗೆ ಮತ್ತಷ್ಟು ಕಾಲಾವಕಾಶ ಸಿಗುತ್ತದೆ.

ಚಿಕ್ಕಂದಿನ ಲಸಿಕೆಗಳ ರಕ್ಷಣೆಯೂ ಕ್ರಮೇಣ ಕರಗುತ್ತದೆ. ನಿಷ್ಕ್ರಿಯ ಲಸಿಕೆಗಳನ್ನು ಆರು ತಿಂಗಳಿಂದ ವರ್ಷದೊಳಗೆ ಮತ್ತೆ ಶುರು ಮಾಡುತ್ತಾರೆ. ದಡಾರದಂಥ ಜೀವಂತ ಲಸಿಕೆ ಎರಡು ವರ್ಷದ ನಂತರವೇ, ಅದೂ ಪ್ರತಿರೋಧ ಕುಗ್ಗಿಸುವ ಔಷಧ ನಿಂತಿದ್ದರೆ.

ರೋಗಿ ಊರಿಗೆ ಬಂದರೆಂದು ಮಾತಾಡಿಸಲು ಮಂದಿ ಬರುವುದು ನಮ್ಮ ಪದ್ಧತಿ. ನೆಗಡಿ, ಕೆಮ್ಮು ಇದ್ದವರು ಫೋನಿನಲ್ಲೇ ಮಾತಾಡಿಸಲಿ. ಮನೆಯವರು ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳಲಿ. ಬಾಯಿಗೆ ಹಾಕುವ ಪೋಲಿಯೊ ಹನಿಯ ವೈರಸ್ ಮಗುವಿನ ಮಲದಲ್ಲಿ ವಾರಗಟ್ಟಲೆ ಹೊರಬೀಳುತ್ತದೆ. ಹಾಗಾಗಿ ಮನೆಯ ಮಗುವಿಗೆ ಹನಿ ಹಾಕಿಸುವ ಮುನ್ನ ಕಸಿ ವೈದ್ಯರನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ, ಅಥವಾ ರೋಗಿಯ ಜ್ವರ 100.4 ಡಿಗ್ರಿ ಮುಟ್ಟಿದರೆ, ಊರಿನ ಗುಳಿಗೆ ನುಂಗಿಸಿ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ.