ಕೂದಲೆಳೆಯ ನಾಳ, ಮುನ್ನೂರು ಕೋಟಿ ಅಕ್ಷರ

ಮನುಷ್ಯನ ವಂಶವಾಹಿ ಗ್ರಂಥದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ವರ್ಣಮಾಲೆ ಮಾತ್ರ ಚಿಕ್ಕದು: ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಇದನ್ನು ಓದಿ ಮುಗಿಸುವ ಪಣ ತೊಟ್ಟು 1990ರಲ್ಲಿ ಮಾನವ ಜೀನೋಮ್ ಯೋಜನೆ ಆರಂಭವಾಯಿತು. ಹಾಕಿಕೊಂಡ ಗಡುವು 15 ವರ್ಷ. ಆದರೆ ಅಂದಿನ ಯಂತ್ರಗಳು ಒಂದು ಮಾದರಿಯಿಂದ ಓದುತ್ತಿದ್ದುದು ಕೆಲವು ನೂರು ಅಕ್ಷರಗಳನ್ನಷ್ಟೆ. ಹೀಗಿರುವಾಗ ಗಡುವಿನೊಳಗೆ ಕೆಲಸ ಮುಗಿಯುವುದುಂಟೆ?

ವಿದ್ಯುತ್ತಿನ ಓಟ

ಡಿಎನ್‌ಎ ತುಣುಕುಗಳಿಗೆ ಋಣ ವಿದ್ಯುದಾವೇಶವಿದೆ. ವಿದ್ಯುತ್ ಹರಿಸಿದರೆ ಅವು ಧನ ಧ್ರುವದ ಕಡೆಗೆ ಸರಿಯುತ್ತವೆ. ದಾರಿಯಲ್ಲಿ ಜೆಲ್ ಎಂಬ ಲೋಳೆಯಂಥ ವಸ್ತುವಿದ್ದರೆ ಅದು ಜರಡಿಯಂತೆ ವರ್ತಿಸುತ್ತದೆ. ಗಿಡ್ಡ ತುಣುಕುಗಳು ಬೇಗ ನುಸುಳುತ್ತವೆ. ಉದ್ದನೆಯವು ಹಿಂದೆ ಉಳಿಯುತ್ತವೆ. ಹೀಗೆ ಬೇರ್ಪಡಿಸುವ ವಿಧಾನಕ್ಕೆ ಎಲೆಕ್ಟ್ರೋಫೊರೆಸಿಸ್ ಎಂದು ಹೆಸರು. ಪ್ರೋಟೀನುಗಳನ್ನು ಬೇರ್ಪಡಿಸಲು ಈ ತತ್ವವನ್ನು ಬೆಳೆಸಿದ ಸ್ವೀಡನ್ನಿನ ಆರ್ನೆ ಟಿಸೇಲಿಯಸ್‌ಗೆ 1948ರಲ್ಲಿ ನೊಬೆಲ್ ಬಂದಿತ್ತು.

ಬ್ರಿಟನ್ನಿನ ಫ್ರೆಡರಿಕ್ ಸ್ಯಾಂಗರ್ 1977ರಲ್ಲಿ ಈ ಓಟವನ್ನೇ ಅಕ್ಷರ ಓದಲು ಬಳಸಿದರು. 'ಕಮಲ' ಎಂಬ ಪದವನ್ನು 'ಕ', 'ಕಮ', 'ಕಮಲ' ಎಂದು ಮೂರು ಪ್ರತಿ ಮಾಡಿ, ಗಿಡ್ಡದರಿಂದ ಉದ್ದಕ್ಕೆ ಜೋಡಿಸಿ, ಪ್ರತಿಯೊಂದರ ಕೊನೆಯ ಅಕ್ಷರ ಹೆಕ್ಕಿದರೆ ಕ-ಮ-ಲ ಸಿಗುತ್ತದಲ್ಲವೇ? ಉಪಾಯ ಇಷ್ಟೇ. 1986ರಲ್ಲಿ ನಾಲ್ಕು ಅಕ್ಷರಗಳಿಗೆ ನಾಲ್ಕು ಹೊಳೆಯುವ ಬಣ್ಣ ಹಚ್ಚುವ ಕ್ರಮ ಬಂತು. ಲೇಸರ್ ಬೆಳಕಿನಲ್ಲಿ ಆ ಬಣ್ಣಗಳನ್ನು ಗಣಕಯಂತ್ರವೇ ಓದತೊಡಗಿತು.

ತೊಡಕು ಎಲ್ಲಿತ್ತು?

ಜೆಲ್ಲನ್ನು ಎರಡು ಗಾಜಿನ ಹಲಗೆಗಳ ನಡುವೆ ಕೈಯಿಂದ ಹೊಯ್ಯಬೇಕಿತ್ತು. ಗುಳ್ಳೆ ಎದ್ದರೆ ಶ್ರಮ ವ್ಯರ್ಥ. ಅಕ್ಕಪಕ್ಕದ ಮಾದರಿಗಳು ಓಡುತ್ತ ಸಾಲು ತಪ್ಪುತ್ತಿದ್ದವು. ವೋಲ್ಟೇಜ್ ಹೆಚ್ಚಿಸಿದರೆ ಜೆಲ್ ಬಿಸಿಯಾಗಿ ಗುರುತುಗಳು ಕದಡುತ್ತಿದ್ದವು. ಇಳಿಸಿದರೆ ತಾಸುಗಟ್ಟಲೆ ಕಾಯಬೇಕು.

ಬಿಸಿಯ ಸಮಸ್ಯೆಗೆ ದಾರಿ ತೋರಿದ್ದು 1981ರ ಒಂದು ಪ್ರಯೋಗ. ಅಮೆರಿಕದ ಜೇಮ್ಸ್ ಜಾರ್ಗೆನ್ಸನ್ ಮತ್ತು ಕ್ರಿನ್ ಲೂಕಾಕ್ಸ್ ಕೇವಲ 75 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದಷ್ಟು ರಂಧ್ರವಿರುವ ಗಾಜಿನ ಲೋಮನಾಳದಲ್ಲಿ ಅಮೈನೋ ಆಮ್ಲದಂಥ ವಸ್ತುಗಳನ್ನು ಓಡಿಸಿದರು. ಅಗಲ ಪಾತ್ರೆಯಲ್ಲಿ ಹರವಿದ ಅನ್ನ ಬೇಗ ಆರುವಂತೆ, ಸಣ್ಣ ನಾಳದ ದ್ರವದ ಬಿಸಿಯೂ ಗೋಡೆಯ ಮೂಲಕ ತಟ್ಟನೆ ಹೊರಹೋಗುತ್ತದೆ. ಹಾಗಾಗಿ ಅವರು 30,000 ವೋಲ್ಟ್‌ವರೆಗೂ ವಿದ್ಯುತ್ ಹಾಯಿಸಬಲ್ಲವರಾದರು. ಓಟ ಚುರುಕಾಯಿತು, ಬೇರ್ಪಡಿಕೆಯೂ ಸ್ಪಷ್ಟವಾಯಿತು.

ಒಂದಲ್ಲ, ತೊಂಬತ್ತಾರು

ಆದರೆ ಒಂದು ನಾಳಕ್ಕೆ ಒಂದೇ ಮಾದರಿ. ವೇಗವಿದ್ದೂ ಸಂಖ್ಯೆಯಿಲ್ಲ! ಹಾಗಾದರೆ ನಾಳಗಳನ್ನೇ ಸಾಲಾಗಿ ಜೋಡಿಸಿದರೆ? ಬರ್ಕ್‌ಲಿಯಲ್ಲಿ ರಿಚರ್ಡ್ ಮೇಥೀಸ್ ಮತ್ತು ಸಂಗಡಿಗರು 1992ರಲ್ಲಿ ಇದನ್ನು ಮಾಡಿ ತೋರಿಸಿದರು. ಇಲ್ಲೂ ಒಂದು ತೊಡಕಿತ್ತು. ದುಂಡನೆಯ ಗಾಜಿನ ಗೋಡೆಗಳಿಗೆ ಬಡಿದ ಲೇಸರ್ ಬೆಳಕು ಚದುರುತ್ತಿತ್ತು. ಜಪಾನಿನ ಹಿಟಾಚಿ ಸಂಸ್ಥೆಯ ಹಿಡೆಕಿ ಕಂಬಾರಾ ಮತ್ತು ಕೆನಡಾದ ನಾರ್ಮನ್ ಡೋವಿಚಿ ಇದಕ್ಕೊಂದು ಉಪಾಯ ಕಂಡುಕೊಂಡರು: ಡಿಎನ್‌ಎ ನಾಳದ ತುದಿಯಿಂದ ಹೊರಬಂದು ಹರಿಯುವ ದ್ರವಕ್ಕೆ ಸೇರುವಾಗ ಓದುವುದು. ಗಾಜಿನ ಅಡ್ಡಿಯಿಲ್ಲದ ಆ ಜಾಗದಲ್ಲಿ ಒಂದೇ ಲೇಸರ್ ಎಲ್ಲ ನಾಳಗಳ ಮಾದರಿಗಳನ್ನೂ ಬೆಳಗುತ್ತದೆ.

ಈ ತತ್ವದ ಮೇಲೆ 96 ಮಾದರಿಗಳನ್ನು ಒಮ್ಮೆಲೇ ಓದುವ 'ಎಬಿಐ 3700' ಯಂತ್ರ 1998ರಲ್ಲಿ ಹೊರಬಂತು. ಜೆಲ್ ಹೊಯ್ಯುವ ಕೆಲಸವಿಲ್ಲ. ಯಂತ್ರವೇ ನಾಳಗಳಿಗೆ ಜರಡಿ ದ್ರಾವಣ ತುಂಬಿ, ಮಾದರಿ ಹೀರಿಕೊಂಡು, ಹಗಲಿರುಳು ದುಡಿಯುತ್ತದೆ.

ಗ್ರಂಥ ಯಾರ ಸ್ವತ್ತು?

ಅದೇ ವರ್ಷ ಕ್ರೇಗ್ ವೆಂಟರ್ ಮುಂದಾಳತ್ವದಲ್ಲಿ ಸೆಲೆರಾ ಎಂಬ ಖಾಸಗಿ ಕಂಪೆನಿ ಹುಟ್ಟಿತು. ಸುಮಾರು 300 ಇಂಥ ಯಂತ್ರಗಳನ್ನು ಹೂಡಿ, ಜೀನೋಮ್ ಮಾಹಿತಿಯನ್ನು ಚಂದಾದಾರರಿಗೆ ಮಾರುವುದು ಅದರ ಉದ್ದೇಶ. ಸಾರ್ವಜನಿಕ ಯೋಜನೆಯ ವಿಜ್ಞಾನಿಗಳಾದರೋ, ಓದಿದ್ದನ್ನು 24 ಗಂಟೆಯೊಳಗೆ ಎಲ್ಲರಿಗೂ ಉಚಿತವಾಗಿ ಕೊಡಬೇಕೆಂದು 1996ರಲ್ಲೇ ಬರ್ಮುಡಾದಲ್ಲಿ ಒಪ್ಪಿಕೊಂಡಿದ್ದರು. ಸೋತರೆ ಮನುಕುಲದ ಗ್ರಂಥಕ್ಕೆ ಬೀಗ ಬಿದ್ದೀತೆಂಬ ಆತಂಕ. ಅವರೂ ಲೋಮನಾಳದ ಯಂತ್ರಗಳನ್ನು ತರಿಸಿ ವೇಗ ಹೆಚ್ಚಿಸಿದರು. 2000ದ ಜೂನ್ 26ರಂದು ಎರಡೂ ಬಣಗಳು ಒಟ್ಟಾಗಿ ಕರಡು ಪ್ರತಿಯನ್ನು ಘೋಷಿಸಿದವು. 2003ರ ಏಪ್ರಿಲ್‌ನಲ್ಲಿ, ಗಡುವಿಗೆ ಎರಡು ವರ್ಷ ಮೊದಲೇ, ಯೋಜನೆ ಮುಗಿಯಿತು. ಅದರ ಫಲ ಇಂದು ಯಾವ ದೇಶದ ವಿದ್ಯಾರ್ಥಿಗೂ ಉಚಿತ.

ಇಡೀ ಜೀನೋಮ್ ಓದಲು ಈಗ ಇನ್ನೂ ವೇಗದ ಬೇರೆ ವಿಧಾನಗಳು ಬಂದಿವೆ. ಆದರೂ ಲೋಮನಾಳ ಮೂಲೆಗೆ ಬಿದ್ದಿಲ್ಲ. ಅಪರಾಧ ಸ್ಥಳದ ರಕ್ತದ ಕಲೆ ಯಾರದು, ದುರಂತದಲ್ಲಿ ಮಡಿದವರು ಯಾರು ಎಂದು ಪತ್ತೆ ಹಚ್ಚುವ ಡಿಎನ್‌ಎ ಪರೀಕ್ಷೆಗೆ ಇಂದಿಗೂ ಅದೇ ಆಧಾರ. ಥಲಸ್ಸೇಮಿಯಾ, ಸಿಕಲ್ ಸೆಲ್ ಮುಂತಾದ ಆನುವಂಶಿಕ ರಕ್ತದೋಷಗಳ ತಪಾಸಣೆಗೂ ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿದೆ.

ಮೇಥೀಸ್, ಡೋವಿಚಿ ಇಬ್ಬರೂ ರಸಾಯನ ವಿಜ್ಞಾನಿಗಳು. ಅವರು ಬಿಡಿಸಿದ್ದು ಬಿಸಿ, ಬೆಳಕು, ದ್ರವದ ಹರಿವುಗಳ ಸಮಸ್ಯೆ. ಅದರಿಂದ ಮುಂದೆ ಸಾಗಿದ್ದು ಜೀವವಿಜ್ಞಾನ. ಪಿಯುಸಿಯಲ್ಲಿ ಭೌತ, ರಸಾಯನ, ಜೀವವಿಜ್ಞಾನಗಳನ್ನು ಮೂರು ಬೇರೆ ಪುಸ್ತಕಗಳಲ್ಲಿ ಓದುವ ಮಕ್ಕಳೂ, 'ಯಾವ ವಿಷಯ ಕೊಡಿಸಲಿ?' ಎಂದು ಚಿಂತಿಸುವ ತಂದೆತಾಯಿಗಳೂ ಇದನ್ನು ಗಮನಿಸುವುದು ಒಳ್ಳೆಯದು.